ಐರ್ಲೆಂಡಿನ ಹಬ್ಬಗಳಿಗೆ ಮಕ್ಕಳೊಂದಿಗೆ ಏನು ಮಾಡುವುದು: ಜೊಂಡಿನ ಶಿಲುಬೆಯಿಂದ ಕಿಟಕಿಯ ದೀಪದವರೆಗೆ

ಐರ್ಲೆಂಡಿನಲ್ಲಿ ಮಕ್ಕಳಿರುವ ಮನೆಗಳಲ್ಲಿ ಅಕ್ಟೋಬರ್ ಕೊನೆಯಿಂದ ಮಾರ್ಚ್ ನಡುವಿನವರೆಗೆ ಕತ್ತರಿಗೂ ಅಂಟಿಗೂ ಬಿಡುವಿರುವುದಿಲ್ಲ. ಅಕ್ಟೋಬರ್ 31ರ ಹ್ಯಾಲೊವೀನ್, ಕ್ರಿಸ್‌ಮಸ್ ಮುನ್ನಾದಿನದ ಸಂಜೆ, ಡಿಸೆಂಬರ್ 26ರ ಸಂತ ಸ್ಟೀಫನ್ ದಿನ, ಫೆಬ್ರವರಿ 1ರ ಸಂತ ಬ್ರಿಜಿಡ್ ದಿನ, ಮಾರ್ಚ್ 17ರ ಸಂತ ಪ್ಯಾಟ್ರಿಕ್ ದಿನ ಒಂದರ ಬೆನ್ನಿಗೊಂದು ಬರುತ್ತವೆ. ಪ್ರತಿಯೊಂದಕ್ಕೂ ಶಾಲೆಯಲ್ಲಿ ಏನಾದರೂ ಮಾಡಿಸುತ್ತಾರೆ, ಅಂಗಡಿಗಳಲ್ಲಿ ಸಿದ್ಧ ಪೊಟ್ಟಣಗಳು ತುಂಬಿರುತ್ತವೆ, ಮಕ್ಕಳು ಮನೆಗೆ ಬಂದು ನಾವೇನು ಮಾಡೋಣ ಎಂದು ಕೇಳುತ್ತಾರೆ. ಈ ಹಬ್ಬಗಳ ನಡುವೆ ಬೆಳೆಯದೆ ಇಲ್ಲಿಗೆ ಬಂದು ನೆಲೆಸಿದ ತಂದೆತಾಯಿಗಳಿಗೆ ಯಾವುದು ಈ ನೆಲದ ಹಳೆಯ ರೂಢಿ, ಯಾವುದು ಅಂಗಡಿಯಲ್ಲಿ ಹುಟ್ಟಿದ್ದು, ಯಾವುದು ಐದು ವರ್ಷದ ಕೈಗೆ ಒಗ್ಗುತ್ತದೆ, ಯಾವುದು ಹತ್ತು ವರ್ಷದ ಮಗುವಿಗೂ ಕಷ್ಟ ಎಂಬುದು ತಿಳಿಯುವ ಹೊತ್ತಿಗೆ ಕೆಲವು ವರ್ಷಗಳೇ ಕಳೆದುಹೋಗಿರುತ್ತವೆ.

ನಮ್ಮ ಮನೆಯಲ್ಲಿ ಇಬ್ಬರು ಮಕ್ಕಳೊಂದಿಗೆ ಇವೆಲ್ಲವನ್ನೂ ಹಲವು ಸಲ ಮಾಡಿ ನೋಡಿದ ಮೇಲೆ ನಾನು ಆಯ್ಕೆಗೆ ಒಂದೇ ಪ್ರಶ್ನೆಯನ್ನು ಮೊದಲು ಇಟ್ಟುಕೊಂಡಿದ್ದೇನೆ: ಮಾಡಿದ ವಸ್ತುವಿಗೆ ಹಬ್ಬದ ದಿನ ಒಂದು ಕೆಲಸವಿದೆಯೇ? ಬಾಗಿಲ ಮೇಲೆ ತೂಗುವುದು, ಎದೆಯ ಮೇಲೆ ಧರಿಸಿಕೊಂಡು ಮೆರವಣಿಗೆಗೆ ಹೋಗುವುದು, ಕತ್ತಲಲ್ಲಿ ಬೆಳಗುವುದು, ಇಂಥ ಯಾವುದಾದರೂ ಒಂದು ಕೆಲಸ ಕಾದಿದ್ದರೆ ಮಗು ಅರ್ಧಕ್ಕೆ ಬಿಟ್ಟೇಳುವುದಿಲ್ಲ, ಮುಂದಿನ ವರ್ಷ ತಾನಾಗಿಯೇ ಕೇಳುತ್ತದೆ. ಕೆಲಸವಿಲ್ಲದ ವಸ್ತು ಎಷ್ಟೇ ಮಿನುಗಿದರೂ ಮೂರನೆಯ ದಿನ ಕಾಗದದ ತೊಟ್ಟಿಗೆ ಸೇರುತ್ತದೆ, ಮತ್ತು ಅದು ಅಲ್ಲಿಗೆ ಸೇರಿದ್ದನ್ನು ಮಗು ಗಮನಿಸುತ್ತದೆ. ವಯಸ್ಸು, ಸಮಯ, ಸಾಮಗ್ರಿ, ಸುರಕ್ಷತೆ ಇವುಗಳನ್ನು ಆಮೇಲೆ ತೂಗಿ ನೋಡಬಹುದು.

ಬ್ರಿಜಿಡ್ ಶಿಲುಬೆ: ಜೊಂಡೋ, ಪೈಪ್ ಕ್ಲೀನರೋ, ಕಾಗದವೋ

ಎಲ್ಲಕ್ಕಿಂತ ಮೊದಲು ಇದನ್ನು ಹೇಳಲು ಕಾರಣವಿದೆ. ಇಲ್ಲಿನ ಹಬ್ಬದ ಕೈಕೆಲಸಗಳಲ್ಲಿ ಇಷ್ಟು ಕಡಿಮೆ ಸಾಮಗ್ರಿಯಲ್ಲಿ ಇಷ್ಟು ಪೂರ್ಣವಾದ ವಸ್ತು ಇನ್ನೊಂದಿಲ್ಲ. ಅಂಟು ಬೇಡ, ಬಣ್ಣ ಬೇಡ, ಕತ್ತರಿ ಕೊನೆಯ ಒಂದು ನಿಮಿಷಕ್ಕೆ ಸಾಕು. ಜನವರಿ 31ರ ಸಂಜೆ ಒದ್ದೆ ಗದ್ದೆಗಳಲ್ಲಿ ಬೆಳೆಯುವ ಹಸಿರು ಜೊಂಡನ್ನು ತಂದು, ನಾಲ್ಕು ತೋಳುಗಳ ಶಿಲುಬೆ ಹೆಣೆದು, ಬಾಗಿಲ ಮೇಲೆ ಅಥವಾ ಮಾಡಿನ ಅಡಿ ಸಿಕ್ಕಿಸುವುದು ಹಳೆಯ ಪದ್ಧತಿ. ಅದು ಮನೆಯನ್ನು ಬೆಂಕಿಯಿಂದ ಕಾಯುತ್ತದೆ ಎಂಬ ನಂಬಿಕೆ ಹುಲ್ಲುಮಾಡಿನ ಮನೆಗಳ ಕಾಲದ್ದು. ಕೆಲವೆಡೆ ಹಳೆಯದನ್ನು ತೆಗೆಯದೆ ಪ್ರತಿ ವರ್ಷ ಹೊಸದೊಂದನ್ನು ಪಕ್ಕದಲ್ಲಿ ಸೇರಿಸುತ್ತಿದ್ದರು. ಮರಣಶಯ್ಯೆಯಲ್ಲಿದ್ದ ಒಬ್ಬ ಮುಖಂಡನ ಬಳಿ ಕುಳಿತ ಬ್ರಿಜಿಡ್ ನೆಲಕ್ಕೆ ಹಾಸಿದ್ದ ಜೊಂಡನ್ನೇ ಎತ್ತಿಕೊಂಡು ಹೆಣೆಯುತ್ತಾ ತನ್ನ ನಂಬಿಕೆಯನ್ನು ವಿವರಿಸಿದಳು ಎಂಬ ಕಥೆಯನ್ನು ಇಲ್ಲಿನ ಪ್ರತಿಯೊಂದು ಮಗುವೂ ಶಾಲೆಯಲ್ಲಿ ಕೇಳಿರುತ್ತದೆ. 2023ರಿಂದ ಈ ದಿನಕ್ಕೆ ಸಾರ್ವಜನಿಕ ರಜೆಯೂ ಇದೆ: ಫೆಬ್ರವರಿಯ ಮೊದಲ ಸೋಮವಾರ, ಆದರೆ 1ನೇ ತಾರೀಕು ಶುಕ್ರವಾರವೇ ಬಿದ್ದರೆ ಆ ಶುಕ್ರವಾರ. ಮಹಿಳೆಯೊಬ್ಬರ ಹೆಸರಿನಲ್ಲಿ ಈ ದೇಶ ಕೊಟ್ಟ ಮೊದಲ ಸಾರ್ವಜನಿಕ ರಜೆ ಇದು. ಹೀಗಾಗಿ ಸಮಯದ ಕೊರತೆ ಎಂಬ ಕಾರಣ ಈಗ ಉಳಿದಿಲ್ಲ.

ಹೆಣೆಯುವ ಕ್ರಮವನ್ನು ಒಮ್ಮೆ ಕೈಗೆ ಹಿಡಿಸಿದರೆ ಮರೆಯುವುದಿಲ್ಲ. ಸುಮಾರು 25ರಿಂದ 30 ಸೆಂಟಿಮೀಟರ್ ಉದ್ದದ 17 ಜೊಂಡುಗಳನ್ನು ಎಣಿಸಿಕೊಳ್ಳಿ. ಒಂದನ್ನು ನೆಟ್ಟಗೆ ಹಿಡಿದು, ಎರಡನೆಯದನ್ನು ನಡುವೆ ಮಡಚಿ, ಮೊದಲನೆಯದರ ಮಧ್ಯಭಾಗಕ್ಕೆ ತೊಡಿಸಿ, ತೆರೆದ ತುದಿಗಳು ಬಲಕ್ಕೆ ಬರುವಂತೆ ಬಿಗಿಯಾಗಿ ಎಳೆಯಬೇಕು. ಆಮೇಲೆ ಇಡೀ ವಸ್ತುವನ್ನು ಗಡಿಯಾರದ ಮುಳ್ಳಿಗೆ ವಿರುದ್ಧವಾಗಿ ಕಾಲು ಸುತ್ತು ತಿರುಗಿಸಿದರೆ ಆ ತುದಿಗಳು ಮೇಲಕ್ಕೆ ಬರುತ್ತವೆ. ಮತ್ತೊಂದು ಜೊಂಡನ್ನು ಮಡಚಿ, ಆ ತುದಿಗಳಿಗೆ ತೊಡಿಸಿ, ಮತ್ತೆ ಬಲಕ್ಕೆ ಎಳೆದು, ಮತ್ತೆ ತಿರುಗಿಸುವುದು. ಮಡಚು, ತೊಡಿಸು, ಎಳೆ, ತಿರುಗಿಸು, ಅಷ್ಟೇ. ನಾಲ್ಕನೆಯ ಸುತ್ತು ಮುಗಿಯುವಾಗ ನಡುವೆ ಚೌಕದ ಹೆಣಿಗೆ ಮೂಡಿರುತ್ತದೆ. ಕೊನೆಗೆ ನಾಲ್ಕೂ ತೋಳುಗಳ ತುದಿಯನ್ನು ಉಣ್ಣೆಯ ದಾರದಿಂದ ಕಟ್ಟಿ, ಉಳಿದದ್ದನ್ನು ಸಮವಾಗಿ ಕತ್ತರಿಸಬೇಕು. ಮಕ್ಕಳು ತಪ್ಪುವುದು ಬಹುತೇಕ ಒಂದೇ ಕಡೆ: ಹೊಸ ಜೊಂಡನ್ನು ತೊಡಿಸುವಾಗ ನಡುವಿನ ಹಿಡಿತವನ್ನು ಸಡಿಲ ಬಿಡುತ್ತಾರೆ, ಆಗ ಎಲ್ಲವೂ ಬಿಚ್ಚಿಕೊಳ್ಳುತ್ತದೆ. ಚಿಕ್ಕ ಮಗುವಾದರೆ ದೊಡ್ಡವರೊಬ್ಬರು ನಡುವನ್ನು ಹೆಬ್ಬೆರಳಿನಿಂದ ಒತ್ತಿಹಿಡಿದು, ಮಡಚಿ ತೊಡಿಸುವ ಕೆಲಸವನ್ನು ಮಗುವಿಗೆ ಬಿಡುವುದು ಒಳ್ಳೆಯದು.

ಸಾಮಗ್ರಿಗಳಲ್ಲಿ ನನ್ನ ಮೊದಲ ಆಯ್ಕೆ ಹಸಿ ಜೊಂಡೇ. ಅದರ ಒಳಗೆ ಬಿಳಿಯ ಮೆತ್ತನೆಯ ಬೆಂಡು ಇರುತ್ತದೆ. ಹಾಗಾಗಿ ಮಡಚಿದಾಗ ಮುರಿಯದೆ ಬಾಗುತ್ತದೆ. ಹಿಂದೆ ಸಿಪ್ಪೆ ಸುಲಿದು ಇದೇ ಬೆಂಡನ್ನು ಕೊಬ್ಬಿನಲ್ಲಿ ಅದ್ದಿ ದೀಪದಂತೆ ಉರಿಸುತ್ತಿದ್ದರು ಎಂದು ಹೇಳಿ, ಉಳಿದ ಒಂದು ತುಂಡನ್ನು ಸುಲಿದು ತೋರಿಸಿದರೆ ಮಕ್ಕಳಿಗೆ ಅದೇ ಇನ್ನೊಂದು ಆಟವಾಗುತ್ತದೆ. ಜೊಂಡನ್ನು ಕೊಯ್ಯಬಾರದು, ಕೀಳಬೇಕು ಎಂಬುದು ರೂಢಿ. ಗದ್ದೆ ಯಾರದಾದರೂ ಒಬ್ಬರದ್ದೇ ಆಗಿರುತ್ತದೆ, ಆದ್ದರಿಂದ ಕೇಳಿ ಕೀಳುವುದು ಸರಿಯಾದ ಕ್ರಮ. ಹಬ್ಬಕ್ಕೆಂದು ಕೇಳಿದರೆ ಹಳ್ಳಿಯಲ್ಲಿ ಇಲ್ಲವೆಂದವರನ್ನು ನಾನು ಕಂಡಿಲ್ಲ. ಕಿತ್ತು ಎರಡು ಮೂರು ದಿನವಾಗಿ ಒಣಗಿದ್ದರೆ ಸ್ನಾನದ ತೊಟ್ಟಿಯಲ್ಲಿ ರಾತ್ರಿಯಿಡೀ ನೆನೆಸಿಡಬೇಕು. ಆರು ವರ್ಷ ತುಂಬಿದ ಮಗುವಿಗೆ ಇದು ಸಹಾಯದೊಂದಿಗೆ ಸಾಧ್ಯ, ಎಂಟಕ್ಕೆ ಒಂಟಿಯಾಗಿಯೇ ಸಾಧ್ಯ. ಮೊದಲ ಶಿಲುಬೆಗೆ ಮುಕ್ಕಾಲು ಗಂಟೆ ಹಿಡಿಯಬಹುದು, ಮೂರನೆಯದಕ್ಕೆ ಕಾಲು ಗಂಟೆ.

ನಾಲ್ಕೈದು ವರ್ಷದವರಿಗೆ ಪೈಪ್ ಕ್ಲೀನರ್, ಅಂದರೆ ಮೆತ್ತನೆಯ ನಾರು ಸುತ್ತಿದ ಬಾಗುವ ತಂತಿ, ಉತ್ತಮ. ಒಮ್ಮೆ ಮಡಚಿದರೆ ಮಡಚಿದಲ್ಲೇ ನಿಲ್ಲುವುದರಿಂದ ಹಿಡಿತ ಸಡಿಲವಾದರೂ ಬಿಚ್ಚುವುದಿಲ್ಲ, ಎಂಟೊಂಬತ್ತು ಸಾಕಾಗುತ್ತದೆ, ಹದಿನೈದು ನಿಮಿಷದಲ್ಲಿ ಮುಗಿಯುತ್ತದೆ. ತುದಿಯ ತಂತಿ ಚುಚ್ಚುವುದರಿಂದ ಅದನ್ನು ಒಳಕ್ಕೆ ಬಾಗಿಸಿಡಬೇಕು. ಕಾಗದದ ಸ್ಟ್ರಾಗಳನ್ನು ಹಲವರು ಸೂಚಿಸುತ್ತಾರೆ, ನಾನು ಸೂಚಿಸುವುದಿಲ್ಲ. ಮಡಚಿದ ಜಾಗದಲ್ಲಿ ಸೀಳುತ್ತವೆ, ದಪ್ಪವಾಗಿ ನಡುವಿನ ಹೆಣಿಗೆ ಕೂರುವುದಿಲ್ಲ, ಮಗು ಬೇಸರಗೊಳ್ಳುತ್ತದೆ. ಅವುಗಳ ಬದಲು ಹಳೆಯ ನಿಯತಕಾಲಿಕದ ಹಾಳೆಯನ್ನು ಮೂರು ಸಲ ಉದ್ದಕ್ಕೆ ಮಡಚಿ ಪಟ್ಟಿ ಮಾಡಿಕೊಂಡರೆ ಚೆನ್ನಾಗಿ ಹೆಣೆಯಬಹುದು. ಊರಿಗೆ ಹೋದಾಗ ಈ ಹೆಣಿಗೆಯನ್ನು ಅಜ್ಜಿಗೆ ತೋರಿಸಬೇಕೆಂದು ಹಟ ಹಿಡಿದ ನನ್ನ ಮಗಳಿಗೆ ತೆಂಗಿನ ಗರಿಯ ಕಡ್ಡಿ ತೆಗೆದ ಎಲೆಯೇ ಸಾಕಾಯಿತು. ಜೀವಮಾನವಿಡೀ ಮಡಲು ಹೆಣೆದ ನನ್ನ ಅತ್ತೆಯವರು ಒಂದೇ ಸಲ ನೋಡಿ ಅವಳಿಗಿಂತ ಬಿಗಿಯಾಗಿ ಮಾಡಿದರು, ಮತ್ತು ಇದು ಸ್ವಸ್ತಿಕದ ಹಾಗೆ ತಿರುಗುತ್ತದಲ್ಲ ಎಂದರು.

ಶಿಲುಬೆ ಕ್ರೈಸ್ತ ಚಿಹ್ನೆಯಲ್ಲವೇ, ನಾವು ಬಾಗಿಲಿಗೆ ಹಾಕಬಹುದೇ ಎಂದು ಕೇಳುವ ಮನೆಗಳಿವೆ. ಉತ್ತರ ಅವರವರ ಮನೆಯದು. ಆದರೆ ತಿಳಿದಿರಬೇಕಾದ ಸಂಗತಿ ಒಂದಿದೆ: ಬ್ರಿಜಿಡ್ ಎಂಬುದು ಕಿಲ್ಡೇರ್‌ನಲ್ಲಿ ಮಠ ಸ್ಥಾಪಿಸಿದ ಸಂತೆಯ ಹೆಸರಾಗಿರುವಂತೆ, ಅದಕ್ಕೂ ಹಿಂದಿನ ಐರ್ಲೆಂಡಿನಲ್ಲಿ ಕಾವ್ಯಕ್ಕೂ ಚಿಕಿತ್ಸೆಗೂ ಕಮ್ಮಾರಿಕೆಗೂ ಒಡತಿಯಾದ ದೇವತೆಯ ಹೆಸರೂ ಆಗಿತ್ತು. ಫೆಬ್ರವರಿ 1 ಇಲ್ಲಿನ ಹಳೆಯ ಎಣಿಕೆಯಲ್ಲಿ ವಸಂತದ ಮೊದಲ ದಿನ. ಶಿಲುಬೆ ಬೇಡವೆನಿಸಿದವರಿಗೆ ಇನ್ನೊಂದು ಆಯ್ಕೆಯಿದೆ, ಅದಕ್ಕೆ ಬ್ರತ್ ಬ್ರೀಡ ಎನ್ನುತ್ತಾರೆ: ಬಟ್ಟೆಯ ಒಂದು ತುಂಡನ್ನು 31ರ ರಾತ್ರಿ ಹೊರಗೆ ಪೊದೆಯ ಮೇಲೆ ಹಾಕಿ, ಬೆಳಿಗ್ಗೆ ಇಬ್ಬನಿಯಲ್ಲಿ ನೆನೆದದ್ದನ್ನು ಒಳಗೆ ತಂದು, ತಲೆನೋವು ಬಂದಾಗ ಕಟ್ಟಿಕೊಳ್ಳಲು ವರ್ಷವಿಡೀ ಕಾಪಾಡುವುದು. ಮಗು ಆ ಬಟ್ಟೆಯ ಅಂಚಿಗೆ ತಾನೇ ಹೊಲಿಗೆ ಹಾಕಬಹುದು. ಮೂರು ವರ್ಷದ ಮಗುವಿಗೂ ಇದರಲ್ಲಿ ಪಾಲಿದೆ, ಬೆಳಿಗ್ಗೆ ಎದ್ದು ಓಡಿಹೋಗಿ ತರುವುದಕ್ಕೆ.

ಸಂತ ಪ್ಯಾಟ್ರಿಕ್ ದಿನ: ಪದಕವೋ, ಮೂರೆಲೆಯೋ

ಮಾರ್ಚ್ ಬಂತೆಂದರೆ ಆಯ್ಕೆಗಳು ಹೆಚ್ಚು, ಗೊಂದಲವೂ ಹೆಚ್ಚು. ಶಾಲೆಗಳಲ್ಲಿ ಮಾರ್ಚ್ 1ರಿಂದ 17ರವರೆಗೆ ಐರಿಶ್ ಭಾಷೆಯ ಉತ್ಸವವಾದ ಶಖ್ತನ್ ನ ಗೇಲ್ಗ ನಡೆಯುತ್ತದೆ, ಅಂಗಡಿಗಳಲ್ಲಿ ಹಸಿರು ಟೋಪಿ, ಹಸಿರು ಗಡ್ಡ, ಚಿನ್ನದ ಕೊಡಗಳು ಸಾಲುಗಟ್ಟುತ್ತವೆ. ಇವುಗಳ ನಡುವೆ ಬಹುತೇಕ ಮರೆತುಹೋದ ಒಂದು ಕೈಕೆಲಸವಿದೆ, ಅದೇ ಈ ದಿನಕ್ಕೆ ನನ್ನ ಆಯ್ಕೆ: ಮಕ್ಕಳು ತಾವೇ ಮಾಡಿ ಧರಿಸುತ್ತಿದ್ದ ಪ್ಯಾಟ್ರಿಕ್ ಶಿಲುಬೆ ಎಂಬ ಪದಕ. 1681ರಲ್ಲಿ ಐರ್ಲೆಂಡಿನಲ್ಲಿ ಸಂಚರಿಸಿದ ಇಂಗ್ಲಿಷ್ ಪ್ರವಾಸಿ ಥಾಮಸ್ ಡೈನ್ಲಿ, ಎಲ್ಲ ಅಂತಸ್ತಿನ ಜನರೂ ಈ ದಿನ ಟೋಪಿಗೆ ಶಿಲುಬೆ ಸಿಕ್ಕಿಸಿಕೊಳ್ಳುತ್ತಾರೆ ಎಂದು ಬರೆದಿದ್ದಾನೆ. 20ನೆಯ ಶತಮಾನದ ಆರಂಭದವರೆಗೂ ಹುಡುಗರು ಕಾಗದದ ಮೇಲೆ ಕೈವಾರದಿಂದ ವೃತ್ತಗಳನ್ನು ಎಳೆದು ಬಣ್ಣ ತುಂಬುತ್ತಿದ್ದರು, ಹುಡುಗಿಯರು ರಟ್ಟಿನ ಶಿಲುಬೆಗೆ ರೇಷ್ಮೆಯ ಪಟ್ಟಿಗಳನ್ನು ಸುತ್ತಿ ನಡುವೆ ಒಂದು ಹೂವಿನಂಥ ಗಂಟು ಇಡುತ್ತಿದ್ದರು. ಬಣ್ಣ ಕೊಳ್ಳಲಾಗದ ಮನೆಗಳಲ್ಲಿ ಹಸಿರಿಗೆ ಹುಲ್ಲಿನ ರಸ, ಹಳದಿಗೆ ಮೊಟ್ಟೆಯ ಹಳದಿ ಲೋಳೆ ಸಾಕಾಗುತ್ತಿತ್ತು.

ಎಂಟು ವರ್ಷಕ್ಕೆ ಮೇಲ್ಪಟ್ಟವರಿಗೆ ಕೈವಾರದ ಪದಕ ಬಹಳ ಹಿಡಿಸುತ್ತದೆ. ದಪ್ಪ ಹಾಳೆಯ ಮೇಲೆ ನಾಲ್ಕು ಸೆಂಟಿಮೀಟರ್ ತ್ರಿಜ್ಯದ ವೃತ್ತ ಎಳೆದು, ಅದೇ ಅಳತೆಯನ್ನು ಬದಲಿಸದೆ ಪರಿಧಿಯ ಮೇಲೆ ಹೆಜ್ಜೆ ಇಡುತ್ತಾ ಹೋದರೆ ಸರಿಯಾಗಿ ಆರನೆಯ ಹೆಜ್ಜೆಗೆ ಹೊರಟ ಜಾಗಕ್ಕೇ ಬಂದು ಸೇರುತ್ತದೆ. ಪ್ರತಿ ಹೆಜ್ಜೆಯಿಂದ ಒಂದು ಕಮಾನು ಎಳೆದರೆ ಆರು ದಳಗಳ ಹೂವು ಮೂಡುತ್ತದೆ. ಇದು ಏಕೆ ಹೀಗಾಗುತ್ತದೆ ಎಂದು ಮಗು ಕೇಳದೆ ಬಿಡುವುದಿಲ್ಲ. ಶಿಲುಬೆಯ ಆಕಾರ ಬೇಕಾದರೆ ನಾಲ್ಕು ಭಾಗ ಮಾಡಿ ಬಣ್ಣ ಬದಲಿಸಬೇಕು. ಕೈವಾರ ಹಿಡಿಯಲಾಗದ ಚಿಕ್ಕವರಿಗೆ ಲೋಟವನ್ನು ಬೋರಲಿಟ್ಟು ವೃತ್ತ ಎಳೆಯುವುದು, ಇಲ್ಲವೇ ಪಟ್ಟಿ ಸುತ್ತುವ ಬಗೆಯನ್ನು ಆರಿಸುವುದು ಒಳ್ಳೆಯದು. ಎಂಟು ಸೆಂಟಿಮೀಟರಿನ ಎರಡು ರಟ್ಟಿನ ಪಟ್ಟಿಗಳನ್ನು ಅಡ್ಡಲಾಗಿ ಅಂಟಿಸಿಕೊಟ್ಟರೆ ಐದು ವರ್ಷದ ಮಗುವೂ ಬಟ್ಟೆ ಸುತ್ತುತ್ತದೆ. ನಮ್ಮ ಮನೆಗಳಲ್ಲಿ ಇದಕ್ಕೆ ಬೇಕಾದದ್ದು ಈಗಾಗಲೇ ಇದೆ: ಹಳೆಯ ರೇಷ್ಮೆ ಸೀರೆಯ ಅಂಚಿನ ತುಣುಕು, ರವಿಕೆ ಹೊಲಿಸಿ ಉಳಿದ ಚೂರು. ಜರಿಯಂಚಿನ ಪದಕವನ್ನು ಕಂಡು ಪಕ್ಕದ ಮನೆಯ ಹಿರಿಯಾಕೆ ತಮ್ಮ ತಾಯಿ ಹೀಗೆ ಮಾಡಿಕೊಡುತ್ತಿದ್ದುದನ್ನು ನೆನೆದು ಬಹಳ ಹೊತ್ತು ಮಾತಾಡಿದರು. ಮಾರ್ಚ್ ತಿಂಗಳ ಮೆರವಣಿಗೆಯಲ್ಲಿ ಮಳೆ ಬರುವುದನ್ನು ಖಚಿತವೆಂದೇ ತಿಳಿಯಬೇಕು. ಕಾಗದದ ಪದಕಕ್ಕೆ ಸ್ಕೆಚ್ ಪೆನ್ನಿನ ಬದಲು ಮೇಣದ ಬಣ್ಣ ಬಳಸಿ, ಮೇಲೆ ಅಗಲವಾದ ಪಾರದರ್ಶಕ ಟೇಪು ಹಾಕಿದರೆ ಸಂಜೆಯವರೆಗೆ ಉಳಿಯುತ್ತದೆ. ಪಿನ್ನನ್ನು ದೊಡ್ಡವರೇ ಹಾಕಬೇಕು.

ಶ್ಯಾಮ್‌ರಾಕ್ ಎಂಬ ಮೂರೆಲೆಯನ್ನು ಬಿಟ್ಟರೆ ಈ ಹಬ್ಬವೇ ಇಲ್ಲ ಎನ್ನುವವರಿಗೆ ಎರಡು ದಾರಿಗಳಿವೆ. ತಕ್ಷಣಕ್ಕೆ ಬೇಕಾದರೆ ಆಲೂಗಡ್ಡೆಯ ಅಚ್ಚು: ಅರ್ಧ ಆಲೂಗಡ್ಡೆಯಲ್ಲಿ ದೊಡ್ಡವರು ಹೃದಯದ ಆಕಾರ ಕೊರೆದುಕೊಟ್ಟರೆ, ಮಗು ಅದನ್ನು ಬಣ್ಣದಲ್ಲಿ ಅದ್ದಿ ಚೂಪು ತುದಿಗಳು ನಡುವೆ ಕೂಡುವಂತೆ ಮೂರು ಸಲ ಒತ್ತುತ್ತದೆ. ಎರಡು ವರ್ಷದ ಮಗುವಿಗೂ ಇದು ಆಗುತ್ತದೆ. ದಪ್ಪ ಮೆಣಸಿನಕಾಯಿಯನ್ನು ಅಡ್ಡ ಕತ್ತರಿಸಿ ಅಚ್ಚಾಗಿ ಬಳಸುವ ಇನ್ನೊಂದು ಬಗೆಯಿದೆ, ಆದರೆ ಅಂಗಡಿಯಲ್ಲಿ ಮೂರು ಹೋಳುಗಳಿರುವ ಕಾಯಿಯನ್ನೇ ಆರಿಸಬೇಕು. ನಾಲ್ಕು ಹೋಳಿನದು ನಾಲ್ಕೆಲೆಯಾಗುತ್ತದೆ, ನಾಲ್ಕೆಲೆಯಾದರೆ ಅದು ಕ್ಲೋವರ್ ಎಂಬ ಮೇವಿನ ಗಿಡದ ಅದೃಷ್ಟದ ಎಲೆಯೇ ಹೊರತು ಶ್ಯಾಮ್‌ರಾಕ್ ಆಗುವುದಿಲ್ಲ. ಸಂತ ಪ್ಯಾಟ್ರಿಕ್ ಮೂರೆಲೆಯನ್ನು ತೋರಿಸಿ ಒಬ್ಬನೇ ದೇವರಲ್ಲಿ ಮೂವರಿದ್ದಾರೆ ಎಂಬ ಕ್ರೈಸ್ತ ನಂಬಿಕೆಯನ್ನು ವಿವರಿಸಿದ ಎಂಬ ಕಥೆಯೇ ಈ ಚಿಹ್ನೆಯ ಮೂಲವಾದ್ದರಿಂದ ಎಣಿಕೆ ತಪ್ಪಿದರೆ ಅರ್ಥವೂ ತಪ್ಪುತ್ತದೆ. ಶುಭಾಶಯ ಪತ್ರಕ್ಕೆ ಅಚ್ಚು ಸಾಕು. ಗೋಡೆಗೆ ಅಂಟಿಸಲೆಂದೇ ಮಾಡಿದರೆ ಅದಕ್ಕೆ ನಾನು ಮೊದಲು ಹೇಳಿದ ಕೆಲಸವಿಲ್ಲದ ವಸ್ತುವಿನ ಗತಿಯೇ.

ಎರಡನೆಯ ದಾರಿ ಬೆಳೆಸುವುದು. ಶ್ಯಾಮ್‌ರಾಕ್ ಎಂಬ ಹೆಸರಿನ ಬೇರೆಯೇ ಒಂದು ಸಸ್ಯವಿಲ್ಲ. ಐರಿಶ್ ಪದದ ಅರ್ಥ ಎಳೆಯ ಕ್ಲೋವರ್ ಎಂದಷ್ಟೇ. 1988ರಲ್ಲಿ ಜನರಿಂದಲೇ ಗಿಡಗಳನ್ನು ತರಿಸಿ ನಡೆಸಿದ ಸಮೀಕ್ಷೆಯಲ್ಲಿ ಹಳದಿ ಹೂವಿನ ಚಿಕ್ಕ ಕ್ಲೋವರ್ ಮೊದಲ ಸ್ಥಾನದಲ್ಲಿ, ಬಿಳಿ ಕ್ಲೋವರ್ ಎರಡನೆಯದರಲ್ಲಿ ಬಂದವು. ಬೀಜವನ್ನು ಫೆಬ್ರವರಿ ಮೊದಲ ವಾರದಲ್ಲೇ ಚಿಕ್ಕ ಕುಂಡದಲ್ಲಿ ಹಾಕಿ ಬೆಳಕಿನ ಕಿಟಕಿಯಲ್ಲಿಡಬೇಕು. ಮಗುವಿಗೆ ಮುಂಚೆಯೇ ಹೇಳಿಡಬೇಕಾದ ಮಾತೊಂದಿದೆ: ಮೊದಲು ಎರಡು ಉರುಟು ಬೀಜದೆಲೆಗಳು, ಆಮೇಲೆ ಒಂದೇ ಒಂದು ಬಿಡಿ ಎಲೆ, ಅದರ ನಂತರವೇ ಮೂರೆಲೆ. ಹೇಳದಿದ್ದರೆ ಎರಡನೆಯ ವಾರದಲ್ಲಿ ಗಿಡ ಕೆಟ್ಟುಹೋಯಿತೆಂದು ಅಳುತ್ತದೆ. ನಮ್ಮಲ್ಲಿ ಹಾಗೇ ಆಯಿತು. ಆದರೆ 17ರ ಬೆಳಿಗ್ಗೆ ತಾನು ಬೆಳೆಸಿದ ಒಂದು ಗೊಂಚಲನ್ನು ಕೋಟಿಗೆ ಸಿಕ್ಕಿಸಿಕೊಳ್ಳುವ ಮಗುವಿನ ನಡಿಗೆಯೇ ಬೇರೆ. ತಾಳ್ಮೆಯಿರುವ ಮನೆಗೆ ಅಚ್ಚಿಗಿಂತ ಇದೇ ಮೇಲು.

ತ್ರಿವರ್ಣದ ತೋರಣ ಮಾಡುವ ಮನೆಗಳಿಗೆ ಒಂದು ಎಚ್ಚರಿಕೆ. ನಮ್ಮ ಮಕ್ಕಳ ಕೈಗೆ ಎರಡು ತ್ರಿವರ್ಣಗಳು ಬರುವುದರಿಂದ ಬೆರಕೆಯಾಗುವುದು ಸಹಜ. ಐರ್ಲೆಂಡಿನ ಬಾವುಟದಲ್ಲಿ ಬಣ್ಣಗಳು ನಿಂತಿರುತ್ತವೆ, ಕೋಲಿನ ಪಕ್ಕಕ್ಕೆ ಹಸಿರು, ನಡುವೆ ಬಿಳಿ, ತುದಿಗೆ ಕಿತ್ತಳೆ. ಅಗಲ ಎತ್ತರದ ಎರಡರಷ್ಟು. ತಿರುಗಿಸಿ ಕಿತ್ತಳೆಯನ್ನು ಕೋಲಿಗೆ ಹಚ್ಚಿದರೆ ಐವರಿ ಕೋಸ್ಟ್ ದೇಶದ ಬಣ್ಣಗಳಾಗುತ್ತವೆ.

ಲೆಪ್ರಕಾನ್ ಎಂಬ ಕುಳ್ಳನನ್ನು ಹಿಡಿಯಲು ರಟ್ಟಿನ ಪೆಟ್ಟಿಗೆಯಲ್ಲಿ ಬೋನು ಮಾಡುವುದು ಅಮೆರಿಕದ ಶಾಲೆಗಳಿಂದ ಹರಡಿದ ಆಟ. ಮಕ್ಕಳಿಗೆ ಖುಷಿ ಕೊಡುತ್ತದೆ, ತಪ್ಪೇನಿಲ್ಲ, ಆದರೆ ಇಲ್ಲಿನ ಕಥೆಗಳಲ್ಲಿ ಅವನು ಒಂಟಿಯಾಗಿ ಕುಳಿತು ಚಪ್ಪಲಿ ಹೊಲಿಯುವ ಮೋಚಿ. ಬೋನಿನ ಬದಲು ಅವನಿಗೆಂದು ಹೆಬ್ಬೆರಳಿನಷ್ಟು ಚಿಕ್ಕ ಬೂಟೊಂದನ್ನು ಉಣ್ಣೆಯ ಬಟ್ಟೆಯಲ್ಲಿ ಹೊಲಿದು ಬಾಗಿಲ ಬಳಿ ಇಡುವುದು ಹೊಲಿಗೆ ಕಲಿಯುವ ವಯಸ್ಸಿನವರಿಗೆ ಹೆಚ್ಚು ಒಪ್ಪುತ್ತದೆ.

ಹ್ಯಾಲೊವೀನ್: ಟರ್ನಿಪ್ಪೋ, ಕುಂಬಳಕಾಯಿಯೋ

ಹ್ಯಾಲೊವೀನ್ ಅಮೆರಿಕದ ಹಬ್ಬವೆಂದು ಭಾವಿಸುವವರು ಕ್ಯಾಸಲ್‌ಬಾರ್ ಬಳಿಯ ಟರ್ಲಾಕ್‌ನಲ್ಲಿರುವ ಗ್ರಾಮಜೀವನದ ರಾಷ್ಟ್ರೀಯ ವಸ್ತುಸಂಗ್ರಹಾಲಯಕ್ಕೆ ಮಕ್ಕಳನ್ನು ಕರೆದೊಯ್ಯಬೇಕು. ಡೊನೆಗಾಲ್‌ನ ಫಿನ್‌ಟೌನ್‌ನಿಂದ ಬಂದ ಟರ್ನಿಪ್ ಲಾಟೀನೊಂದರ ಎರಕ ಅಲ್ಲಿದೆ. ಕುಗ್ಗಿದ ಮುಖ, ಗುಳಿಬಿದ್ದ ಕಣ್ಣು, ಹಲ್ಲು. ಯಾವ ಕುಂಬಳಕಾಯಿಯೂ ಇಷ್ಟು ಹೆದರಿಸಲಾರದು. ಚಳಿಗಾಲದ ಹೊಸ್ತಿಲಾದ ಸೌವನ್ ಹಬ್ಬದ ರಾತ್ರಿ ಇಂಥ ಲಾಟೀನುಗಳನ್ನು ಹಿಡಿದು ತಿರುಗುವುದು ಇಲ್ಲಿನ ಪದ್ಧತಿಯಾಗಿತ್ತು. ವಲಸೆ ಹೋದವರು ಅಮೆರಿಕದಲ್ಲಿ ಕೊರೆಯಲು ಸುಲಭವಾದ ಕುಂಬಳಕಾಯಿಯನ್ನು ಕಂಡುಕೊಂಡರು, ಅದೇ ತಿರುಗಿ ಇಲ್ಲಿಗೆ ಬಂತು.

ಸುಲಭ ಎಂಬ ಮಾತು ನಿಜ. ಕುಂಬಳಕಾಯಿಯ ಒಳಗನ್ನು ನಾಲ್ಕು ವರ್ಷದ ಮಗು ಕೈಯಿಂದಲೇ ಬಗೆದು ತೆಗೆಯುತ್ತದೆ, ಅರ್ಧ ಗಂಟೆಯಲ್ಲಿ ಮುಖ ಸಿದ್ಧ. ಟರ್ನಿಪ್ ಎಂದು ಇಲ್ಲಿ ಕರೆಯುವುದು ನೇರಳೆ ಸಿಪ್ಪೆಯ, ಹಳದಿ ತಿರುಳಿನ ಗಟ್ಟಿ ಗೆಡ್ಡೆಯನ್ನು, ಅದು ಕಲ್ಲಿನಂತಿರುತ್ತದೆ. ಮೇಲ್ಭಾಗವನ್ನು ಕತ್ತರಿಸಿ, ತಿರುಳಿನ ಮೇಲೆ ಚಾಕುವಿನಿಂದ ಚೌಕಗಳ ಗೆರೆ ಹಾಕಿಕೊಟ್ಟು, ಗಟ್ಟಿಯಾದ ಉಕ್ಕಿನ ಚಮಚದಿಂದ ಚೌಕ ಚೌಕವಾಗಿ ಎಬ್ಬಿಸುತ್ತಾ ಹೋಗಬೇಕು, ಗೋಡೆ ಒಂದು ಸೆಂಟಿಮೀಟರ್ ಉಳಿದಾಗ ನಿಲ್ಲಿಸಬೇಕು. ಒಬ್ಬ ದೊಡ್ಡವರಿಗೆ ಒಂದು ಗಂಟೆಯ ಕೆಲಸ. ಚಾಕು ಜಾರುವ ಅಪಾಯ ಕುಂಬಳಕಾಯಿಗಿಂತ ಹೆಚ್ಚಿರುವುದರಿಂದ ಹತ್ತು ವರ್ಷದೊಳಗಿನವರ ಕೈಗೆ ಚಾಕು ಕೊಡಲೇಬಾರದು. ಕೆರೆಯುವ ಚಮಚವನ್ನು ಏಳರ ಮೇಲಿನವರಿಗೆ ಕೊಡಬಹುದು, ಮುಖದ ಚಿತ್ರವನ್ನು ಎಷ್ಟು ಚಿಕ್ಕವರಾದರೂ ಬರೆದುಕೊಡಬಹುದು. ಆದ್ದರಿಂದ ಆರು ವರ್ಷದೊಳಗಿನವರೇ ಇರುವ ಮನೆಗೆ ಕುಂಬಳಕಾಯಿ, ದೊಡ್ಡ ಮಕ್ಕಳಿರುವ ಮನೆಗೆ ವರ್ಷಕ್ಕೊಂದು ಟರ್ನಿಪ್ ಎಂದು ನಾನು ಹೇಳುತ್ತೇನೆ. ಎರಡರೊಳಗೂ ಬ್ಯಾಟರಿಯ ಪುಟ್ಟ ದೀಪವೇ ಇರಲಿ; ನಿಜವಾದ ಮೇಣದಬತ್ತಿ ಟರ್ನಿಪ್ಪನ್ನು ಬೇಯಿಸಿ ಮನೆಯೆಲ್ಲ ವಾಸನೆ ಹಿಡಿಸುತ್ತದೆ, ವೇಷದ ಬಟ್ಟೆಗಳಿಗೆ ಬೆಂಕಿ ತಗಲುವ ಭಯವೂ ಇದೆ. ತೆಗೆದ ತಿರುಳು ವ್ಯರ್ಥವಲ್ಲ. ಸಾಸಿವೆ, ಒಣಮೆಣಸು, ಕರಿಬೇವಿನ ಒಗ್ಗರಣೆ ಹಾಕಿ ಪಲ್ಯ ಮಾಡಿದರೆ ಲಾಟೀನು ಕೊರೆದವರ ಊಟಕ್ಕೇ ಆಗುತ್ತದೆ. 2024ರಲ್ಲಿ ನರಕ ಚತುರ್ದಶಿ ಅಕ್ಟೋಬರ್ 31ರಂದೇ ಬಂದಾಗ ನಮ್ಮ ಹೊಸ್ತಿಲಲ್ಲಿ ಹಣತೆಗಳ ಸಾಲಿನ ಕೊನೆಗೆ ಟರ್ನಿಪ್ ಕುಳಿತಿತ್ತು.

ಕ್ರಿಸ್‌ಮಸ್ ದಿನಗಳು: ರೆನ್ ಹಕ್ಕಿಯೋ, ಕಿಟಕಿಯ ದೀಪವೋ

ಡಿಸೆಂಬರ್ 26ನ್ನು ರೆನ್ ಹಕ್ಕಿಯ ದಿನವೆಂದೂ ಕರೆಯುತ್ತಾರೆ. ಹುಲ್ಲಿನ ಉಡುಪು, ಹುಲ್ಲಿನ ಮುಖವಾಡ ತೊಟ್ಟು ಹಾಡುತ್ತಾ ಮನೆಮನೆಗೆ ಹೋಗುವ ಈ ಪದ್ಧತಿ ಕೆರ್ರಿಯ ಡಿಂಗಲ್‌ನಲ್ಲಿ ಇಂದಿಗೂ ಜೋರಾಗಿ ನಡೆಯುತ್ತದೆ. ಹಿಂದೆ ನಿಜವಾದ ಹಕ್ಕಿಯನ್ನು ಬೇಟೆಯಾಡುತ್ತಿದ್ದರು, ಈಗ ಅದಿಲ್ಲ. ಹುಲ್ಲಿನ ಮುಖವಾಡ ಹೆಣೆಯುವುದು ಪಳಗಿದ ಕೈಗಳ ಕೆಲಸ, ಮಕ್ಕಳೊಂದಿಗೆ ಮನೆಯಲ್ಲಿ ಆರಂಭಿಸಲು ನಾನು ಹೇಳಲಾರೆ. ಕಂದು ಕಾಗದದಲ್ಲಿ ಬಾಲ ನೆಟ್ಟಗೆತ್ತಿದ ಹಕ್ಕಿ ಮಾಡಿ, ಕೋಲಿಗೆ ಕಟ್ಟಿ, ಬಣ್ಣದ ಪಟ್ಟಿಗಳನ್ನು ಇಳಿಬಿಡುವುದು ಸಾಧ್ಯ; ಹದ್ದಿನ ಬೆನ್ನಲ್ಲಿ ಅಡಗಿ ಕುಳಿತು ಎಲ್ಲರಿಗಿಂತ ಎತ್ತರ ಹಾರಿ ರಾಜನಾದ, ಹತ್ತು ಗ್ರಾಮ್ ತೂಗುವ ಹಕ್ಕಿಯ ಕಥೆಯೂ ಜೊತೆಗಿದೆ. ಆದರೆ ಆ ಕೋಲನ್ನು ಹಿಡಿದು ಹೋಗಲು ನಾಲ್ಕು ಮನೆಗಳ ಬಳಕೆ ಬೇಕು. ಅದಿಲ್ಲದ ಊರಿನಲ್ಲಿ ಇದಕ್ಕಿಂತ ಕಿಟಕಿಯ ದೀಪ ಮೇಲು.

ಕ್ರಿಸ್‌ಮಸ್ ಮುನ್ನಾದಿನದ ಸಂಜೆ ಬೀದಿಗೆ ಕಾಣುವ ಕಿಟಕಿಯಲ್ಲಿ ದೀಪವಿಡುವುದು ಇಲ್ಲಿನ ಮನೆಗಳ ರೂಢಿ. ತಂಗಲು ಜಾಗವಿಲ್ಲದೆ ಅಲೆಯುವ ಮೇರಿ ಮತ್ತು ಜೋಸೆಫರಿಗೆ, ಅವರಂತೆ ದಾರಿಯಲ್ಲಿರುವ ಯಾರಿಗೇ ಆದರೂ, ಈ ಮನೆಯಲ್ಲಿ ಸ್ವಾಗತವಿದೆ ಎಂಬುದು ಅದರ ಅರ್ಥ. ಹಿಂದೆ ದೊಡ್ಡ ಮೇಣದಬತ್ತಿಯನ್ನು ಕೊರೆದ ಟರ್ನಿಪ್ಪಿನಲ್ಲಿ ನಿಲ್ಲಿಸಿ ಸುತ್ತ ಹಾಲಿ ಗಿಡದ ಕೆಂಪು ಹಣ್ಣಿನ ರೆಂಬೆಗಳನ್ನು ಚುಚ್ಚುತ್ತಿದ್ದರು. ಅದನ್ನೇ ಮಾಡಬಹುದು, ಆದರೆ ಹಾಲಿಯ ಹಣ್ಣು ಹೊಟ್ಟೆಗೆ ಹೋದರೆ ವಾಂತಿಯಾಗುತ್ತದೆ, ಪರದೆಯ ಬಳಿ ಬತ್ತಿ ಉರಿಸುವುದೂ ಸರಿಯಲ್ಲ. ಮಕ್ಕಳಿರುವ ಮನೆಗೆ ಖಾಲಿ ಜಾಮ್ ಶೀಸೆ ಸಾಕು. ಬಣ್ಣದ ತೆಳು ಕಾಗದವನ್ನು ಬೆರಳಗಲದ ಚೂರುಗಳಾಗಿ ಹರಿದು, ನೀರು ಬೆರೆಸಿದ ಬಿಳಿ ಅಂಟನ್ನು ಶೀಸೆಯ ಹೊರಮೈಗೆ ಬಳಿದು, ಒಂದರ ಮೇಲೊಂದು ಸ್ವಲ್ಪ ಏರುವಂತೆ ಹಚ್ಚಿ, ಮೇಲೆ ಮತ್ತೊಂದು ಪದರ ಅಂಟು ಸವರಿ ರಾತ್ರಿಯಿಡೀ ಒಣಗಿಸಿದರೆ ಆಯಿತು. ಗಾಢ ಬಣ್ಣಗಳು ಬೆಳಕನ್ನು ನುಂಗುತ್ತವೆ; ಹಳದಿ, ಕಿತ್ತಳೆ, ತಿಳಿಹಸಿರು ಚೆನ್ನಾಗಿ ಬೆಳಗುತ್ತವೆ. ಎರಡೂವರೆ ವರ್ಷದಿಂದ ಹನ್ನೆರಡರವರೆಗೆ ಎಲ್ಲರೂ ಒಂದೇ ಮೇಜಿನ ಸುತ್ತ ಕುಳಿತು ಮಾಡಬಹುದಾದದ್ದು ಈ ಇಡೀ ಸಾಲಿನಲ್ಲಿ ಇದೊಂದೇ, ವಯಸ್ಸಿನ ಅಂತರ ಹೆಚ್ಚಿರುವ ಮಕ್ಕಳ ಮನೆಗೆ ನಾನು ಮೊದಲು ಹೇಳುವುದು ಇದನ್ನೇ. ಯಾರು ಹೊತ್ತಿಸಬೇಕೆಂಬ ಜಗಳಕ್ಕೂ ರೂಢಿಯೇ ತೀರ್ಪು ಕೊಟ್ಟಿದೆ: ಮನೆಯಲ್ಲಿ ಎಲ್ಲರಿಗಿಂತ ಚಿಕ್ಕವರು.

1990ರಲ್ಲಿ ಅಧ್ಯಕ್ಷೆಯಾದ ಮೇರಿ ರಾಬಿನ್ಸನ್ ಅವರು ತಮ್ಮ ನಿವಾಸದ ಅಡುಗೆಮನೆಯ ಕಿಟಕಿಯಲ್ಲಿ, ದೇಶ ಬಿಟ್ಟು ದೂರ ಹೋದ ಐರಿಶ್ ಜನರಿಗಾಗಿ ಒಂದು ದೀಪವನ್ನು ಇರಿಸಿದರು. ಮನೆಯಿಂದ ದೂರವಿರುವವರ ದೀಪವಾಗಿ ಅದನ್ನು ನಮ್ಮ ಮಕ್ಕಳಿಗೆ ವಿವರಿಸಲು ಹೆಚ್ಚು ಮಾತು ಬೇಕಾಗಲಿಲ್ಲ. ಕ್ರಿಸ್‌ಮಸ್ ಮುನ್ನಾದಿನ ಡಬ್ಲಿನ್‌ನಲ್ಲಿ ಸಂಜೆ ನಾಲ್ಕು ದಾಟಿ ಹತ್ತು ನಿಮಿಷಕ್ಕೆಲ್ಲ ಸೂರ್ಯ ಮುಳುಗಿರುತ್ತಾನೆ, ಊರಿನಲ್ಲಿ ಆಗ ರಾತ್ರಿ ಒಂಬತ್ತೂ ಮುಕ್ಕಾಲು. ಅಜ್ಜಿ ಮಲಗುವ ಮುನ್ನ ಕರೆ ಮಾಡಿ, ಚಿಕ್ಕವನು ಗುಂಡಿ ಒತ್ತಿ ಶೀಸೆಯನ್ನು ಬೆಳಗಿಸಿ, ಫೋನನ್ನು ಕಿಟಕಿಯ ಕಡೆಗೆ ತಿರುಗಿಸಿ ಹಿಡಿಯುತ್ತಾನೆ.